ಮೈ ಬಿಸಿಯಾದರೆ ಕುಳಿತುಬಿಡುವ ಹಿಮದ ಹಲಗೆ

ಗೆಳೆಯನ ಮಗ ಪ್ರಶಾಂತ ಜರ್ಮನಿಯ ಹರ್ಟ್ಸೋಗೆನಾವ್‌ರಾಕ್ ಎಂಬ ಊರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾನೆ. ಹೈಡ್ರಾಲಿಕ್ ವಿಭಾಗವಂತೆ. ಹೋದ ಭಾನುವಾರ ಫೋನ್ ಮಾಡಿ, "ಅಂಕಲ್, ನೀವು ಲೈಫೆಲ್ಲಾ ಟ್ರಬಲ್‌ಶೂಟಿಂಗೇ ಮಾಡಿದ್ದಲ್ವಾ? ನನಗೊಂದಿಷ್ಟು ಟಿಪ್ಸ್ ಕೊಡಿ. ಶಾರ್ಟ್ ಆಗಿ ಹೇಳಿದ್ರೆ ಸಾಕು, ಹೊರಗೆ ಹೋಗ್ಬೇಕು" ಎಂದ. ಶಾರ್ಟ್ ಆಗಿಯೇ ಹೇಳಿದೆ: "ಮೊದ್ಲ ಕಪ್ಲಿಂಗ್ ಪೂರ್ತಿ ಕುಂತೈತೋ ಇಲ್ಲೋ ನೋಡಪಾ." ಅವನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟ. ಅಷ್ಟು ಗೊತ್ತಿದ್ದರೆ ಅರ್ಧ ಸಂಬಳಕ್ಕೆ ಮೋಸವಿಲ್ಲ. ಉಳಿದರ್ಧಕ್ಕೆ ಬೇಕಾದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಚನ್ನಬಸಪ್ಪ ಗಾಣಿಗೇರ, ನವಲಗುಂದದ ಕಡೆಯವನು. ಹೆಸರೇ ಹೇಳುವಂತೆ ನಮ್ಮದು ಗಾಣದ ಮನೆ. ಎತ್ತು ತಿರುಗುತ್ತಿತ್ತು, ಕುಸುಬಿ ಎಣ್ಣೆ ಇಳಿಯುತ್ತಿತ್ತು, ಅಪ್ಪ ಮಾರುತ್ತಿದ್ದ. ನಾನು ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮಾಡಿ, ಬಸ್ ಡಿಪೋದಲ್ಲಿ ಸ್ವಲ್ಪ ಕಾಲ ಇದ್ದು, ತರಬೇತಿಗೆಂದು ಜರ್ಮನಿಗೆ ಬಂದೆ. ಅರವತ್ತರ ದಶಕದ ನಡುವೆ ಐಫೆಲ್ ಸೀಮೆಯ ಒಂದು ಸಣ್ಣ ಊರಿನ ಬೌಹೋಫ್‌ನಲ್ಲಿ ಮೆಕ್ಯಾನಿಕ್ ಆದೆ. ಬಾನ್‌ನಿಂದ ಬಸ್ಸಿನಲ್ಲಿ ಗುಡ್ಡ ಹತ್ತಿ ಹೋಗಬೇಕಾದ ಊರು. ಬೌಹೋಫ್ ಎಂದರೆ ರಸ್ತೆ, ಚರಂಡಿ, ಗಿಡಮರ ನೋಡಿಕೊಳ್ಳುವ ಪುರಸಭೆಯ ಗ್ಯಾರೇಜು. ಆಮೇಲೆ ಬಡ್ತಿಗಳು ಬಂದವು. ಅವು ಎಲ್ಲರಿಗೂ ಬರುತ್ತವೆ, ಹಾಗಾಗಿ ಬರೆಯುವುದಿಲ್ಲ.

ಬೌಹೋಫ್‌ನಲ್ಲಿ ಮೂರು ಗಾಡಿಗಳಿದ್ದವು, ಲಾರಿಗೂ ಟ್ರ್ಯಾಕ್ಟರಿಗೂ ಹುಟ್ಟಿದಂಥವು. ಬೇಸಿಗೆಯಲ್ಲಿ ರಸ್ತೆಬದಿಯ ಹುಲ್ಲು ಕತ್ತರಿಸುತ್ತಿದ್ದವು. ಚಳಿಗಾಲದಲ್ಲಿ ಮೂತಿಗೆ ಕಬ್ಬಿಣದ ದೊಡ್ಡ ಹಲಗೆ ಕಟ್ಟಿಕೊಂಡು ಹಿಮ ತಳ್ಳುತ್ತಿದ್ದವು. ಜರ್ಮನರು ಅದನ್ನು ಹಿಮದ ನೇಗಿಲು ಎನ್ನುತ್ತಾರೆ. ಅದು ಉಳುವುದೂ ಇಲ್ಲ, ಬಿತ್ತುವುದೂ ಇಲ್ಲ. ನೇಗಿಲು ಕಂಡವನಾದ ನಾನು ಹಲಗೆ ಎಂದೇ ಕರೆಯುತ್ತೇನೆ. ಎಂಜಿನ್ನು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಸಿಲಿಂಡರಿನೊಳಕ್ಕೆ ಒತ್ತುತ್ತದೆ, ಹಲಗೆ ಮೇಲೇಳುತ್ತದೆ. ಎಣ್ಣೆಯನ್ನು ವಾಪಸು ಬಿಟ್ಟರೆ ಇಳಿಯುತ್ತದೆ. ಹೈಡ್ರಾಲಿಕ್ ಎಂದರೆ ಇಷ್ಟೇ, ಇದಕ್ಕೆ ಯಾರೂ ಹೆದರಬೇಕಾಗಿಲ್ಲ.

ಆಗಿನ ಹಲಗೆಗಳಲ್ಲಿ ಏರಿಸುವುದು ಇಳಿಸುವುದು ಮಾತ್ರ ಎಣ್ಣೆಯ ಕೆಲಸ. ಎಡಕ್ಕೋ ಬಲಕ್ಕೋ ತಿರುಗಿಸಬೇಕಾದರೆ ಡ್ರೈವರ್ ಕೆಳಗಿಳಿದು, ಕಬ್ಬಿಣದ ಪಿನ್ನನ್ನು ಸುತ್ತಿಗೆಯಿಂದ ಬಡಿದು ತೆಗೆದು, ಹಲಗೆಗೆ ಹೆಗಲು ಕೊಟ್ಟು ನೂಕಿ, ಮತ್ತೆ ಪಿನ್ನು ಹಾಕಬೇಕು. ಆ ಚಳಿಯಲ್ಲಿ ಯಾರೂ ಆ ಉಸಾಬರಿಗೆ ಹೋಗುತ್ತಿರಲಿಲ್ಲ. ನವೆಂಬರಿನಲ್ಲಿ ಬಲಕ್ಕೆ ತಿರುಗಿಸಿಟ್ಟರೆ ಮಾರ್ಚ್ ಮುಗಿಯುವ ತನಕ ಹಿಮ ಬಲಕ್ಕೇ ಬೀಳುತ್ತಿತ್ತು. ಅಲ್ಲಿ ಯಾರ ಮನೆ ಇದ್ದರೆ ಅದು ಅವರ ಪುಣ್ಯ.

ನಮ್ಮ ಮೈಸ್ಟರ್, ಅಂದರೆ ಗ್ಯಾರೇಜಿನ ಯಜಮಾನರು, ಹೆರ್ ಕ್ಲಾಸೆನ್. ಹೆರ್ ಎಂದರೆ ಶ್ರೀಯುತ. ಎತ್ತರದ ಆಳು, ಮಾತು ಕಡಿಮೆ. ನಾನು ಸೇರಿದ ಹೊಸದರಲ್ಲಿ ಒಂದು ಹಲಗೆ ಮೇಲೇಳಲಿಲ್ಲ. ಕಲಿತ ವಿದ್ಯೆ ತೋರಿಸಲು ಇದೇ ಸಮಯವೆಂದು ನಾನು ವಾಲ್ವ್ ಬಿಚ್ಚಿ, ಬಿಡಿಭಾಗಗಳನ್ನು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದೆ. ಸ್ಪ್ರಿಂಗ್ ಅಳೆದೆ. ಪಂಪಿಗೆ ಕೈಹಾಕುವ ಹೊತ್ತಿಗೆ ಹೆರ್ ಕ್ಲಾಸೆನ್ ಬಂದರು. ಕೈ ಹಿಂದೆ ಕಟ್ಟಿಕೊಂಡು ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿದರು. ಮುಂದೆ ನಿಂತು, ಹೋಸ್ ಪೈಪು ಬಂದು ಸೇರುವ ಕಪ್ಲಿಂಗಿಗೆ ಬೂಟಿನ ಹಿಮ್ಮಡಿಯಿಂದ ಒಂದು ಒದೆ ಕೊಟ್ಟರು. ಟಕ್ ಎಂದಿತು. "ಈಗ ವಾಲ್ವ್ ಜೋಡಿಸಿ" ಎಂದು ಹೋದರು. ಕಪ್ಲಿಂಗ್ ಅರ್ಧ ಕೂತಿದ್ದರೆ ಕಣ್ಣಿಗೆ ಕೂತಂತೆಯೇ ಕಾಣುತ್ತದೆ, ಎಣ್ಣೆ ಮಾತ್ರ ದಾಟುವುದಿಲ್ಲ. ಗುಡ್ಡ ಅಗೆದು ಇಲಿ ಹಿಡಿದಂತಾಯಿತು. ಆ ಇಲಿಯನ್ನೂ ಅವರೇ ಹಿಡಿದರು.

ಕಪ್ಲಿಂಗ್ ಆದಮೇಲೆ ಹೋಸ್ ಪೈಪು ನೋಡಿ. ಎಪ್ಪತ್ತರ ದಶಕದಲ್ಲಿ ಒಮ್ಮೆ ಒಂದು ಹಲಗೆ ಸಲೀಸಾಗಿ ಏರಿತು, ಇಳಿಯಲು ಮಾತ್ರ ಒಪ್ಪಲಿಲ್ಲ. ಪೈಪಿನ ಹೊರಮೈ ಹೊಸದರಂತಿತ್ತು. ಒಳಗಿನ ರಬ್ಬರ್ ಪದರ ಕಿತ್ತುಬಂದು ನಾಲಿಗೆಯಂತೆ ಜೋತುಬಿದ್ದಿತ್ತು. ಎಣ್ಣೆ ಹೋಗುವಾಗ ಬಗ್ಗಿ ದಾರಿ ಬಿಡುತ್ತಿತ್ತು, ಮರಳಿ ಬರುವಾಗ ಎದ್ದು ಬಾಗಿಲು ಹಾಕುತ್ತಿತ್ತು. ಹೊರಗೆ ಥಳಕು ಒಳಗೆ ಹುಳುಕು ಎಂಬ ಮಾತು ಹೋಸ್ ಪೈಪನ್ನು ಕಂಡೇ ಹುಟ್ಟಿರಬೇಕು. ಪೈಪನ್ನು ಉದ್ದಕ್ಕೆ ಸೀಳಿ ಮೇಜಿನ ಮೇಲೆ ಇಡುವ ತನಕ ನನ್ನ ಮಾತನ್ನು ಯಾರೂ ನಂಬಲಿಲ್ಲ. ಮೇಲಿನವರಿಗೆ ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ತೋರಿಸುವುದು ಲೇಸೆಂದು ಆ ಹೊತ್ತಿಗೆ ನನಗೆ ಗೊತ್ತಿತ್ತು. ಅದನ್ನು ಕಲಿತದ್ದು ಮೊದಲನೆಯ ಚಳಿಗಾಲದಲ್ಲಿ. ಈಗ ಅಲ್ಲಿಗೆ ಹೋಗೋಣ.

ನನ್ನದಿನ್ನೂ ಪ್ರೋಬೆತ್ಸೈಟ್, ಅಂದರೆ ಕೆಲಸ ನೋಡಿ ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ತೀರ್ಮಾನಿಸುವ ಅವಧಿ. ಅದು ಮಾರ್ಚ್ ಕೊನೆಗೆ ಮುಗಿಯುವುದಿತ್ತು. ಮೈಸ್ಟರ್ ಬೇಡವೆಂದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಈ ದೇಶದಲ್ಲಿರುವ ಪರವಾನಗಿ ಹೋಗುತ್ತದೆ. ನನ್ನ ಹೆಂಡತಿ ನೀಲಾ ಆಗ ಬಸುರಿ, ಮೇ ತಿಂಗಳಲ್ಲಿ ಹೆರಿಗೆ. ಹಿಂದೆ ಎರಡು ಸಲ ಆಸೆ ತೋರಿಸಿ ದೇವರು ಕೈಕೊಟ್ಟಿದ್ದ. ಹೆಚ್ಚು ಓಡಾಡಬೇಡಿ, ಪ್ರಯಾಣದ ಮಾತಂತೂ ಎತ್ತಲೇಬೇಡಿ ಎಂದು ಆಸ್ಪತ್ರೆಯ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ನನಗೆ ಹೆದರಿಕೆಯಾಗಿತ್ತು. ಯಾರದೋ ಹಲಗೆ ಏಳಲಿಲ್ಲವೆಂದು ನಮ್ಮ ಮಗು ಕೈತಪ್ಪಬಹುದಾದ ಪರಿಸ್ಥಿತಿ ಅದು.

ನಾವಿದ್ದದ್ದು ಫ್ರಾವ್ ಎಸ್ಸರ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ. ಇಲ್ಲಿ ರಸ್ತೆಯ ಹಿಮ ಪುರಸಭೆಯದು, ಮನೆಮುಂದಿನ ಕಾಲುದಾರಿಯ ಹಿಮ ಮನೆಯವರದು. ಬೆಳಗಾಗುವುದರೊಳಗೆ ಎತ್ತಿ ಹಾಕದಿದ್ದರೆ, ಯಾರಾದರೂ ಜಾರಿ ಬಿದ್ದರೆ ಮನೆಯವರ ಮೇಲೆ ಬರುತ್ತದೆ. ಫ್ರಾವ್ ಎಸ್ಸರ್ ಬಾಡಿಗೆ ಕರಾರಿನಲ್ಲೇ ಆ ಕೆಲಸವನ್ನು ನನಗೆ ಹಚ್ಚಿದ್ದರು. ನಾನು ಸಲಿಕೆಯಿಂದ ಕಾಲುದಾರಿ ಬಳಿದು ಮುಗಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ನಮ್ಮದೇ ಬೌಹೋಫ್‌ನ ಗಾಡಿ ಬಂದು, ರಸ್ತೆಯ ಹಿಮವನ್ನೆಲ್ಲ ಬಲಕ್ಕೆ ತಳ್ಳಿ, ನಾನು ಬಳಿದ ಜಾಗದ ಮೇಲೆ ಗೋಡೆ ಕಟ್ಟಿ ಹೋಗುತ್ತಿತ್ತು. ಫ್ರಾವ್ ಎಸ್ಸರ್ ಬಾಗಿಲ ಗಂಟೆ ಒತ್ತಿ, "ಹೆರ್ ಗಾಣಿಗೇರ್, ನಿಮ್ಮ ಹಿಮ ನನ್ನ ದಾರಿಯ ಮೇಲೆ ಬಿದ್ದಿದೆ" ಎನ್ನುತ್ತಿದ್ದರು. ಐಫೆಲ್‌ನಲ್ಲಿ ಬೀಳುವ ಹಿಮವೆಲ್ಲ ನವಲಗುಂದದಿಂದ ಬರುತ್ತದೆಂದು ಅವರ ನಂಬಿಕೆ. ನಾನು ಮತ್ತೆ ಸಲಿಕೆ ಹಿಡಿಯುತ್ತಿದ್ದೆ.

ಆ ಗಾಡಿಯ ಡ್ರೈವರ್ ಯುಪ್. ಬೌಹೋಫ್‌ನಲ್ಲಿ ಎಲ್ಲರಿಗಿಂತ ಹಿರಿಯರು. ಯುದ್ಧಕಾಲದಲ್ಲಿ ರಷ್ಯಾದಲ್ಲಿ ಲಾರಿ ಓಡಿಸಿದವರು, ಅಲ್ಲಿಂದ ಕೆಟ್ಟ ಮಂಡಿಯೊಂದನ್ನು ತಂದಿದ್ದರು. ಪೆನ್ಷನ್ನಿಗೆ ಈ ಚಳಿಗಾಲವೂ ಮುಂದಿನದೂ ಬಾಕಿ. ಅವರ ಪಾಳಿ ಗುಡ್ಡದ ಮೇಲಿನ ಹಳ್ಳಿಗಳಿಂದ ಶುರುವಾಗುತ್ತಿದ್ದುದರಿಂದ ಅವರ ಗಾಡಿ ಅಲ್ಲೇ ಅವರ ಮನೆಯ ಹತ್ತಿರ ತೆರೆದ ಶೆಡ್ಡಿನಲ್ಲಿ ನಿಲ್ಲುತ್ತಿತ್ತು. ಉಳಿದೆರಡು ಬೌಹೋಫ್‌ನ ಬೆಚ್ಚನೆಯ ಗ್ಯಾರೇಜಿನೊಳಗೆ ಮಲಗುತ್ತಿದ್ದವು. ಈ ವಿಷಯ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ.

ಡಿಸೆಂಬರಿನಲ್ಲಿ ಯುಪ್ ಅವರ ಹಲಗೆ ವಿಚಿತ್ರವಾಗಿ ಆಡತೊಡಗಿತು. ಮುಂಜಾನೆ ಕೊರೆಯುವ ಚಳಿಯಲ್ಲಿ ಚಂಗನೆ ಏಳುತ್ತಿತ್ತು. ಒಂದೆರಡು ಗಂಟೆ ಓಡಿ ಎಣ್ಣೆ ಬಿಸಿಯಾದ ಮೇಲೆ, ಎತ್ತಿದ ಹಲಗೆ ಊಟವಾದ ಮುದುಕನಂತೆ ಮೆಲ್ಲಗೆ ಕೆಳಗೆ ಕೂತುಬಿಡುತ್ತಿತ್ತು. ಒಮ್ಮೆ ಹೀಗೆ ಕೂತು, ರೈಲ್ವೆ ಗೇಟಿನ ಹಳಿಗೆ ತಾಗಿ ಕಿಡಿ ಹಾರಿತು. ಗಾಡಿಯಲ್ಲಿ ಯುಪ್ ಇದ್ದರು, ರೈಲು ಇರಲಿಲ್ಲ, ಬಚಾವು. ಆ ಸಿಲಿಂಡರಿಗೆ ಎಣ್ಣೆ ಸೋರದಂತೆ ತಡೆಯುವ ಹೊಸ ರಬ್ಬರ್ ಸೀಲುಗಳನ್ನು ಹಾಕಿದ್ದು ಅಕ್ಟೋಬರಿನಲ್ಲಿ ನಾನೇ.

ಕ್ರಮವಾಗಿ ನೋಡುತ್ತ ಹೋದೆ. ಕಪ್ಲಿಂಗ್ ಕೂತಿತ್ತು, ನಾನೂ ಒದ್ದು ನೋಡಿದೆ. ಎಣ್ಣೆಯ ಮಟ್ಟ ಸರಿಯಿತ್ತು. ಜಾಲರಿಯಲ್ಲಿ ಕಸವಿರಲಿಲ್ಲ. ವಾಲ್ವಿನಲ್ಲಿ ಗೀರಿಲ್ಲ. ಸಿಲಿಂಡರ್ ಬಿಚ್ಚಿದರೆ ರಬ್ಬರ್ ಸೀಲುಗಳು ನೀರಲ್ಲಿ ನೆನೆಸಿದ ಕಡಲೆಯ ಹಾಗೆ ಉಬ್ಬಿದ್ದವು. ಹೊಸವನ್ನು ಹಾಕಿದೆ. ಜನವರಿಯಲ್ಲಿ ಅವೂ ಉಬ್ಬಿದವು. ಹೆರ್ ಕ್ಲಾಸೆನ್ ಉಬ್ಬಿದ ಸೀಲನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿ, "ಇದನ್ನು ಹಾಕಿದ್ದು ನೀವೇ ಅಲ್ಲವೇ?" ಎಂದರು. ಹೌದೆಂದೆ. "ಎರಡು ಸಲವೂ?" ಹೌದೆಂದೆ. "ಶುಕ್ರವಾರದೊಳಗೆ ಕಾರಣ ಹೇಳಿ" ಎಂದು ಸೀಲನ್ನು ನನ್ನ ಅಂಗೈಯಲ್ಲಿಟ್ಟು ಹೋದರು. ನನ್ನ ಲೆಕ್ಕ ಚುಕ್ತಾ ಆದಂತೆಯೇ ಎಂದುಕೊಂಡೆ.

ಆ ಸಂಜೆ ಮನೆಗೆ ಹೋದರೆ ನೀಲಾ ಹೊಸ್ತಿಲಲ್ಲೇ ತಡೆದಳು. ಬಸುರಿಯಾದಾಗಿನಿಂದ ಅವಳ ಮೂಗು ಪೊಲೀಸ್ ನಾಯಿಯ ಕೆಲಸ ಮಾಡುತ್ತಿತ್ತು. ನನ್ನ ಮೂಗು ನವೆಂಬರಿನಲ್ಲಿ ನೆಗಡಿಯಾಗಿ ಕಟ್ಟಿದ್ದು ಇನ್ನೂ ಬಿಟ್ಟಿರಲಿಲ್ಲ.

"ಇವತ್ತ ಮೈಗೇನ್ ಹಚ್ಕೊಂಡ ಬಂದೀರಿ?" ಎಂದಳು.

"ದಿನಾ ಹಚ್ಕೊಳ್ಳೂದ. ಗಾಡಿ ಎಣ್ಣಿ."

"ಅಲ್ಲ ಬಿಡ್ರಿ. ದಿನಾ ಬರೂ ವಾಸನಿ ನನಗ ಗೊತ್ತೈತಿ. ಇದು ಕಂದೀಲ ವಾಸನಿ, ಚಿಮಣಿ ಎಣ್ಣಿ. ಮೊದ್ಲ ಆ ಅಂಗಿ ಹೊರಗ ಒಗೀರಿ, ಹೊಟ್ಟಿ ತೊಳಸಾಕತ್ತೈತಿ."

ನಾನು ಅಂಗಿ ತೆಗೆದು ಅಲ್ಲೇ ನಿಂತೆ. ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ನಮ್ಮ ಅಪ್ಪ ಸಂತೆಯಲ್ಲಿ ಬೇರೆಯವರ ಎಣ್ಣೆಯನ್ನು ಪರೀಕ್ಷಿಸುತ್ತಿದ್ದ ಬಗೆ ನೆನಪಾಯಿತು. ಒಂದು ಹನಿಯನ್ನು ಕಂದು ಕಾಗದದ ಮೇಲೆ ಬಿಡುತ್ತಿದ್ದ. ಅಪ್ಪಟ ಎಣ್ಣೆಯಾದರೆ ಹನಿ ಒಂದೇ ಬಣ್ಣದಲ್ಲಿ ನಿಧಾನ ಹರಡುತ್ತದೆ. ಸೀಮೆಎಣ್ಣೆ ಬೆರೆಸಿದ್ದರೆ ಅದು ಅವಸರದಲ್ಲಿ ಮುಂದೆ ಓಡಿ ಹೊರಗೊಂದು ತೆಳು ಉಂಗುರ ಬರೆಯುತ್ತದೆ. ಮಾರನೆಯ ದಿನ ಬ್ರೆಡ್ ಅಂಗಡಿಯ ಪೊಟ್ಟಣವನ್ನು ಹರಿದು, ಒಂದು ತುಂಡಿಗೆ ನಮ್ಮ ಪೀಪಾಯಿಯ ಎಣ್ಣೆ, ಇನ್ನೊಂದಕ್ಕೆ ಯುಪ್ ಅವರ ಗಾಡಿಯ ಎಣ್ಣೆ ಬಿಟ್ಟೆ. ಎರಡನೆಯದರಲ್ಲಿ ಉಂಗುರ ಮೂಡಿತು. ರಸ್ತೆ ಅಗೆದ ಕಡೆ ಇಡುವ ಕೆಂಪು ಲಾಟೀನುಗಳಿಗೆಂದು ಬೌಹೋಫ್‌ನಲ್ಲಿ ಸೀಮೆಎಣ್ಣೆಯ ಡಬ್ಬಿ ಇದ್ದೇ ಇತ್ತು. ಸೀಮೆಎಣ್ಣೆ ಬೆರೆತ ಎಣ್ಣೆ ಬಿಸಿಯಾದರೆ ನೀರಿನಂತಾಗಿ ಸಿಲಿಂಡರಿನಲ್ಲಿ ನಿಲ್ಲುವುದಿಲ್ಲ, ಅದಕ್ಕೆ ರಬ್ಬರೂ ಉಬ್ಬುತ್ತದೆ. ರೋಗ ಸಿಕ್ಕಿತು.

ಬೆಳಗಿನ ಬಿಡುವಿನಲ್ಲಿ ಎರಡು ಕಾಗದಗಳನ್ನೂ ಯುಪ್ ಅವರ ಬ್ರೆಡ್ಡಿನ ಪಕ್ಕ ಇಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ, ಅವರು ಮಂಡಿ ಮುಟ್ಟಿಕೊಂಡರು.

"ಚಳಿಯಲ್ಲಿ ಪೀಪಾಯಿಯ ಎಣ್ಣೆ ಜೇನುತುಪ್ಪದ ಹಾಗಾಗುತ್ತದೆ" ಎಂದರು. "ಎಂಜಿನ್ ಅರಚುತ್ತದೆ, ಹಲಗೆ ಏಳುವುದಿಲ್ಲ. ಮೇಲಿನ ಹಳ್ಳಿಯವರು ಹಾಲು ಕಳಿಸಬೇಕು, ಮಕ್ಕಳು ಶಾಲೆಗೆ ಹೋಗಬೇಕು. ರಷ್ಯಾದಲ್ಲಿ ನಾವು ಎಣ್ಣೆಗೆ ಪೆಟ್ರೋಲ್ ಸುರಿಯುತ್ತಿದ್ದೆವು. ಲಾರಿ ಏಳದಿದ್ದರೆ ಮಾರನೆಯ ದಿನ ಅದರಲ್ಲಿ ಮಲಗಿದವರೂ ಏಳುತ್ತಿರಲಿಲ್ಲ." "ನಿನ್ನ ರಬ್ಬರು ಕೆಡುತ್ತದೆಂದು ಗೊತ್ತಿರಲಿಲ್ಲ. ಹೇಳಬೇಕಾದರೆ ಹೇಳು" ಎಂದು ಬ್ರೆಡ್ಡನ್ನು ಮತ್ತೆ ಪೊಟ್ಟಣಕ್ಕೆ ಸುತ್ತಿದರು. ತಿನ್ನಲಿಲ್ಲ.

ಹೇಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹಿಂದಿನ ವರ್ಷ ಕೇಳದೆ ಟ್ಯಾಂಕಿಗೆ ಕೈಹಾಕಿದ ಒಬ್ಬ ಡ್ರೈವರನ್ನು ಹೆರ್ ಕ್ಲಾಸೆನ್ ಗಾಡಿಯಿಂದ ಇಳಿಸಿ ಪೊರಕೆ ಕೊಟ್ಟಿದ್ದರು. ಆ ಮಂಡಿ ಇಟ್ಟುಕೊಂಡು ಯುಪ್ ಬೀದಿ ಗುಡಿಸಲಾರರು. ಇನ್ನು ಆ ಎಣ್ಣೆಯ ಪೀಪಾಯಿ. ಬೇಸಿಗೆಗೊಂದು ಚಳಿಗಾಲಕ್ಕೊಂದು ಎಣ್ಣೆಯಿಟ್ಟರೆ ಹುಡುಗರು ಅದಲುಬದಲು ಮಾಡುತ್ತಾರೆಂದು, ವರ್ಷವಿಡೀ ಒಂದೇ ಎಣ್ಣೆ ಎಂದು ನಿಯಮ ಮಾಡಿದವರು ಸ್ವತಃ ಹೆರ್ ಕ್ಲಾಸೆನ್. ಬೆಚ್ಚಗೆ ಮಲಗುವ ಎರಡು ಗಾಡಿಗಳಿಗೆ ಅದು ನಡೆಯುತ್ತಿತ್ತು. ಬಯಲಲ್ಲಿ ನಿಲ್ಲುವ ಮೂರನೆಯದಕ್ಕೆ ನಡೆಯುತ್ತಿರಲಿಲ್ಲ. ಅಂದರೆ ನಾನು ಒಂದೋ ಮುದುಕರನ್ನು ಹಿಡಿದುಕೊಡಬೇಕು, ಇಲ್ಲವೇ ತಪ್ಪು ನಿಮ್ಮದೆಂದು ಯಜಮಾನರಿಗೆ ಹೇಳಬೇಕು, ಎರಡೂ ಬೇಡವೆಂದರೆ ಗಂಟುಮೂಟೆ ಕಟ್ಟಬೇಕು.

ನೀಲಾಗೆ ಹೇಳಿದೆ. ಅವಳು ಹಾಸಿಗೆಯಲ್ಲಿ ದಿಂಬಿಗೊರಗಿ ಕೇಳಿಸಿಕೊಂಡು, "ಹೆಸರ ಹೇಳಿಬಿಡ್ರಿ. ಕಲಬೆರಕಿ ಮಾಡಿದವ್ರನ್ನ ನಿಮ್ಮಪ್ಪಾರು ಸುಮ್ನ ಬಿಡ್ತಿದ್ರೇನು?" ಎಂದಳು. ಒಂದು ಗಳಿಗೆ ಬಿಟ್ಟು, "ಆದ್ರ ಅಜ್ಜಾರು ಪಾಪ, ಹಾಲಿನವರ ಸಂಬಂಧ ಮಾಡ್ಯಾರ" ಎಂದಳು. ಆಮೇಲೆ, "ಹೋಗ್ಲಿ, ಕಿಡಕ್ಯಾಗಿನ ಕೊಬ್ರಿ ಎಣ್ಣಿ ಬಾಟ್ಲಿ ಒಲಿ ಹತ್ರ ಇಡ್ರಿ, ಕಲ್ಲಾಗೈತಿ, ತಲಿಗೆ ಹಚ್ಕೋಬೇಕು" ಎಂದಳು.

ಕಿಟಕಿಯಲ್ಲಿದ್ದ ಬಾಟಲಿ ತೆಗೆದುಕೊಂಡೆ. ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು, ತಲೆಕೆಳಗು ಮಾಡಿದರೂ ಹನಿ ಬೀಳಲಿಲ್ಲ. ಅದರ ಪಕ್ಕದ ಕುಸುಬಿ ಎಣ್ಣೆ ಎಂದಿನಂತೆ ಅಲುಗಾಡುತ್ತಿತ್ತು. ನಾನು ಕೊಬ್ಬರಿ ಎಣ್ಣೆಯನ್ನು ಒಲೆಯ ಹತ್ತಿರ ಇಡಲಿಲ್ಲ. ಕೋಟಿನ ಕಿಸೆಗೆ ಹಾಕಿಕೊಂಡೆ.

ಗುರುವಾರ ಪಕ್ಕದ ಹಳ್ಳಿಯ ಟ್ರ್ಯಾಕ್ಟರ್ ರಿಪೇರಿಯವನಿಂದ ಸ್ವಲ್ಪ ಚಳಿಗಾಲದ ಎಣ್ಣೆ ಬೇಡಿ ತಂದೆ. ಕೆಲಸ ಮುಗಿಸಿ ಹೊರಡುವಾಗ ಹೆರ್ ಕ್ಲಾಸೆನ್ ಅವರ ಕೋಣೆಯ ಕಿಟಕಿಯ ಹೊರಗೆ ಬಾಟಲಿಗಳನ್ನು ಸಾಲಾಗಿ ಇಟ್ಟೆ: ಪೀಪಾಯಿಯ ಎಣ್ಣೆ, ಯುಪ್ ಅವರ ಗಾಡಿಯ ಎಣ್ಣೆ, ಚಳಿಗಾಲದ ಎಣ್ಣೆ, ಕೊನೆಗೆ ನೀಲಾಳ ಕೊಬ್ಬರಿ ಎಣ್ಣೆ. ಆಗಿನ ನನ್ನ ಜರ್ಮನ್ ಅಷ್ಟಕ್ಕಷ್ಟೇ. ಹೆಪ್ಪುಗಟ್ಟುವುದೆಂದರೇನೆಂದು ಹೇಳಲು ಬಾರದಿದ್ದರೆ ತೋರಿಸಲಾದರೂ ಇರಲಿ ಎಂದು ಕೊನೆಯದನ್ನು ತಂದಿದ್ದೆ.

ಶುಕ್ರವಾರ ಬೆಳಿಗ್ಗೆ ಅವರ ಕೋಣೆಗೆ ಹೋದೆ. "ಕಾರಣ ಕಿಟಕಿಯಲ್ಲಿದೆ" ಎಂದೆ. ಅವರು ಕಿಟಕಿ ತೆರೆದು ಒಂದೊಂದೇ ಬಾಟಲಿಯನ್ನು ಬೋರಲು ಹಾಕಿ ನೋಡಿದರು. ಪೀಪಾಯಿಯ ಎಣ್ಣೆ ಕೆಳಗೆ ಬರಲು ಮನಸ್ಸು ಮಾಡಲಿಲ್ಲ. ಚಳಿಗಾಲದ್ದು ಹರಿಯಿತು. ಯುಪ್ ಅವರದು ಎಲ್ಲಕ್ಕಿಂತ ಚೆನ್ನಾಗಿ ಹರಿಯಿತು. ಬಿಳಿಯದನ್ನು ಹಿಡಿದು, "ಇದು ಯಾವ ಯಂತ್ರದ್ದು?" ಎಂದರು. "ನನ್ನ ಹೆಂಡತಿಯ ತಲೆಗೆ ಹಚ್ಚುವುದು" ಎಂದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟರು.

ಆಮೇಲೆ ಯುಪ್ ಅವರ ಎಣ್ಣೆಯ ಬಿರಡೆ ತೆಗೆದು ಮೂಸಿದರು. ಬಹಳ ಹೊತ್ತು ಮೂಸಿದರು. ಅವರೂ ರಷ್ಯಾಕ್ಕೆ ಹೋಗಿ ಬಂದವರೆಂದು ನನಗೆ ಗೊತ್ತಾದದ್ದು ವರ್ಷಗಳಾದ ಮೇಲೆ. "ಇದನ್ನು ಸುರಿದವರು ಯಾರು?" ಎಂದು ಕೇಳಿದರು.

ಹೆಸರು ನಾಲಿಗೆಯ ತುದಿಯಲ್ಲಿತ್ತು. ನಾನೇನೂ ಮಹಾತ್ಮನಲ್ಲ, ಮನೆಯಲ್ಲಿ ಬಸುರಿ ಹೆಂಡತಿ ಇದ್ದಳು. ಆದರೆ ಪೊಟ್ಟಣಕ್ಕೆ ವಾಪಸು ಹೋದ ಆ ಬ್ರೆಡ್ಡು ಕಣ್ಣ ಮುಂದೆ ಬಂತು. "ಹೆರ್ ಕ್ಲಾಸೆನ್, ಪೀಪಾಯಿ ಬದಲಾದರೆ ಇನ್ನು ಯಾರೂ ಸುರಿಯುವುದಿಲ್ಲ" ಎಂದೆ.

ಅವರು ಕಿಟಕಿ ಮುಚ್ಚಿದರು. "ಚಳಿ ಇದೆ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ನಾನು ಕೊಬ್ಬರಿ ಎಣ್ಣೆ ಎತ್ತಿಕೊಂಡು ಹೊರಗೆ ಬಂದೆ.

ಮುಂದಿನ ವಾರ ಎರಡನೆಯ ಪೀಪಾಯಿ ಬಂತು, ಅದರ ಮೇಲೆ ನೀಲಿ ಪಟ್ಟಿ. ಯುಪ್ ಅವರ ಟ್ಯಾಂಕು ತೊಳೆದು ಹೊಸ ಎಣ್ಣೆ, ಹೊಸ ಸೀಲು ಹಾಕಿದೆ. ಹಲಗೆ ಬೆಳಿಗ್ಗೆಯೂ ಎದ್ದಿತು, ಮಧ್ಯಾಹ್ನವೂ ನಿಂತಿತು. ಶಭಾಸ್ ಎಂದು ಯಾರೂ ಹೇಳಲಿಲ್ಲ. ಈ ನಾಡಿನಲ್ಲಿ ಬೈಯದಿದ್ದರೆ ಹೊಗಳಿದಂತೆ ಎನ್ನುತ್ತಾರೆ, ಆದರೆ ಹಾಗೆಂದೂ ಯಾರೂ ನನಗೆ ಹೇಳಿರಲಿಲ್ಲ. ಹೆಸರು ಹೇಳಲೊಲ್ಲದವನನ್ನು ಅವರು ಇಟ್ಟುಕೊಳ್ಳುತ್ತಾರೋ ಇಲ್ಲವೋ ತಿಳಿಯದೆ ಫೆಬ್ರವರಿ, ಮಾರ್ಚ್ ಎರಡೂ ಹೋದವು. ನೀಲಾ ಪೆಟ್ಟಿಗೆಯನ್ನು ಮಂಚದ ಕೆಳಗಿಂದ ಹೊರಗೆಳೆಸಿ ಗೋಡೆಗೆ ಇಡಿಸಿದ್ದಳು. ತುಂಬಿಸಲಿಲ್ಲ.

ಮಾರ್ಚಿನ ಕೊನೆಯ ದಿನ ಹೆರ್ ಕ್ಲಾಸೆನ್ ಬಂದು, "ಆಗಸ್ಟಿನಲ್ಲಿ ಯಾವ ವಾರ ರಜೆ ಬೇಕು? ಈಗಲೇ ಹೇಳಿ, ಆಮೇಲೆ ಗಲಾಟೆ ಬೇಡ" ಎಂದರು. ಮನೆಗೆ ಓಡಿ ನೀಲಾಗೆ ಹೇಳಿದೆ. "ಕೆಲಸ ಪಕ್ಕಾ ಆತೇನ್ ಅಂತ ಕೇಳಿದ್ರ, ರಜಾ ಕೊಟ್ರು ಅಂತೀರಲ್ರಿ" ಎಂದು ಅಳತೊಡಗಿದಳು. ಆಗಸ್ಟಿನ ರಜೆ ಎಂದರೆ ಆಗಸ್ಟಿಗೂ ಕೆಲಸವಿದೆಯೆಂದು ಅವಳಿಗೆ ಅರ್ಥ ಮಾಡಿಸುವಷ್ಟರಲ್ಲಿ ನಾನೂ ಅತ್ತಿದ್ದೆ. ಮೇ ತಿಂಗಳಲ್ಲಿ ಮಗಳು ಹುಟ್ಟಿದಳು.

ಮುಂದಿನ ಚಳಿಗಾಲ ಯುಪ್ ಅವರ ಕೊನೆಯದು. ಮೊದಲ ಹಿಮ ಬಿದ್ದ ಬೆಳಿಗ್ಗೆ ನಾನು ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಕಿಟಕಿಯಲ್ಲಿ ನಿಂತು, ಗಾಡಿ ಬಂದು ಗೋಡೆ ಕಟ್ಟಿ ಹೋಗುವುದನ್ನೇ ಕಾಯುತ್ತಿದ್ದೆ. ಗಾಡಿ ನಮ್ಮ ಮನೆಗೆ ಸ್ವಲ್ಪ ಹಿಂದೆಯೇ ನಿಂತಿತು. ಯುಪ್ ಕೆಳಗಿಳಿದರು, ಮೊದಲು ಒಳ್ಳೆಯ ಕಾಲು, ಆಮೇಲೆ ಕೆಟ್ಟ ಕಾಲು. ಪಿನ್ನನ್ನು ಬಡಿದು ತೆಗೆದರು. ಹೆಗಲು ಕೊಟ್ಟು ಹಲಗೆಯನ್ನು ಎಡಕ್ಕೆ ನೂಕಿದರು. ಹತ್ತಿ ಕೂತು, ಫ್ರಾವ್ ಎಸ್ಸರ್ ಮನೆಯ ಮುಂದಿನ ಹಿಮವನ್ನೆಲ್ಲ ರಸ್ತೆಯ ಆಚೆಗೆ ತಳ್ಳಿದರು. ಮನೆ ದಾಟಿದ ಮೇಲೆ ಮತ್ತೆ ನಿಲ್ಲಿಸಿ, ಮತ್ತೆ ಇಳಿದು, ಹಲಗೆಯನ್ನು ಬಲಕ್ಕೆ ತಿರುಗಿಸಿ ಹೋದರು. ಹಿಮ ಬಿದ್ದ ಪ್ರತಿ ಬೆಳಿಗ್ಗೆಯೂ ಹಾಗೆಯೇ ಮಾಡಿದರು. "ಹೆರ್ ಗಾಣಿಗೇರ್, ಈ ವರ್ಷ ನಿಮ್ಮ ಹಿಮಕ್ಕೆ ಬುದ್ಧಿ ಬಂದಿದೆ" ಎಂದರು ಫ್ರಾವ್ ಎಸ್ಸರ್. ಎದುರುಮನೆಯವರು ನಮ್ಮ ಗಂಟೆ ಒತ್ತಲು ಶುರುಮಾಡಿದರು.

ತಡೆಯಲಾರದೆ ಒಂದು ದಿನ ಬೆಳಗಿನ ಬಿಡುವಿನಲ್ಲಿ, "ಯುಪ್, ಆ ಮಂಡಿ ಇಟ್ಟುಕೊಂಡು ದಿನಾ ಎರಡು ಸಲ ಯಾಕೆ ಇಳಿಯುತ್ತೀರಿ?" ಎಂದು ಕೇಳಿದೆ.

ಅವರು ಬ್ರೆಡ್ ಅಗಿಯುತ್ತ, "ಪಿನ್ನು ಆಡಿಸದಿದ್ದರೆ ತುಕ್ಕು ಹಿಡಿಯುತ್ತದೆ. ನೀನು ಮೆಕ್ಯಾನಿಕ್, ನಿನಗೆ ಗೊತ್ತಿರಬೇಕು" ಎಂದರು.

ಪ್ರಶಾಂತನಿಗೆ ಫೋನಿನಲ್ಲಿ ಹೇಳದೆ ಉಳಿದದ್ದು ಇದು. ಪಿನ್ನಿಗೆ ಗ್ರೀಸ್ ಹಚ್ಚುವುದು ಯಾವ ಮೆಕ್ಯಾನಿಕ್‌ನ ಕೆಲಸವೂ ಅಲ್ಲ, ಅದು ಡ್ರೈವರನದು. ಆ ಚಳಿಗಾಲವಿಡೀ ಸಂಜೆ ಯುಪ್ ಅವರ ಗಾಡಿ ಗುಡ್ಡ ಹತ್ತುವ ಮುಂಚೆ ನಾನೇ ಹಚ್ಚುತ್ತಿದ್ದೆ, ಬೆಳಿಗ್ಗೆ ಒಂದೇ ಏಟಿಗೆ ಈಚೆ ಬರಲಿ ಎಂದು.